ಹಳೇ ಪಾತ್ರೆಗೆ ಹೊಸ ಕಲಾಯಿ

ಭಾನುವಾರದ ಪತ್ರಿಕೆ ಈಗೀಗ ಮುಖಪುಟದಿಂದ ಶುರುವಾಗುವುದೇ ಇಲ್ಲ. ಮೇಲೊಂದು ಇಡೀ ಪುಟದ ಕಾರು, ಅದನ್ನು ಮಗುಚಿದರೆ ಮತ್ತೊಂದು ಕಾರು, ಆಮೇಲೆ ದೇಶದ ಸುದ್ದಿ. ಕಾರುಗಳ ಬಣ್ಣ ಬೇರೆ ಬೇರೆ, ಮಾತು ಮಾತ್ರ ಒಂದೇ: ಸಂಪೂರ್ಣ ಹೊಸ, ಅಮೋಘ ಸಾಮರ್ಥ್ಯದ ಎಂಜಿನ್! ಬಟ್ಟೆ ಸೋಪಿನ ಪೊಟ್ಟಣದ ಮೇಲೆ ‘ಹೊಸದು, ಸುಧಾರಿತ’ ಎಂದು ಬರೆದಿದ್ದರೆ ನಾವು ಹೆಂಗಸರು ಸುಮ್ಮನೆ ನಂಬುತ್ತೇವೆಯೇ? ಒಂದು ಸಲ ಅಂಗಿಯ ಕಾಲರಿಗೆ ಉಜ್ಜಿ ನೋಡಿ ತೀರ್ಮಾನ ಮಾಡುತ್ತೇವೆ. ಸೋಪಿನ ಪುಡಿಯನ್ನು ಇಷ್ಟು ಪರೀಕ್ಷಿಸುವವರು ಎಂಟು ಹತ್ತು ಲಕ್ಷದ ಕಾರಿನ ಮಾತು ಬಂದಾಗ ಮಾತ್ರ ‘ಅದೆಲ್ಲ ಗಂಡಸರ ವಿಷಯ’ ಎಂದು ಕಾಫಿ ಬೆರೆಸಲು ಒಳಗೆ ಹೋಗಿಬಿಡುತ್ತೇವೆ.

ಹೋದ ವರ್ಷ ನಾನು ಹಾಗೆ ಒಳಗೆ ಹೋಗುವಂತಿರಲಿಲ್ಲ. ಮೊದಲನೆಯದಾಗಿ ದುಡ್ಡು ನನ್ನದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದಾಗ ಕೈಗೆ ಬಂದ ಇಡಿಗಂಟು. ಎರಡನೆಯದಾಗಿ ನಮ್ಮವರ ಮೂತ್ರಪಿಂಡದ ತೊಂದರೆ. ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರಬೇಕು. ತೀರ್ಥಹಳ್ಳಿ ದಾಟಿದರೆ ಆಗುಂಬೆ. ಹದಿನಾಲ್ಕು ತಿರುವಿನ ಘಾಟಿ. ಹೋಗುವಾಗ ಇಳಿಯುವುದು, ಬರುವಾಗ ಹತ್ತುವುದು. ಬಸ್ಸಿನ ಕುಲುಕಾಟ ಅವರಿಗೆ ತಡೆಯುವುದಿಲ್ಲ ಎಂದಾದ ಮೇಲೆ ಕಾರು ನಮಗೆ ಶೋಕಿಯಾಗಿ ಉಳಿಯಲಿಲ್ಲ. ಡ್ರೈವಿಂಗನ್ನು ನಾನು ಐವತ್ತೆಂಟನೇ ವಯಸ್ಸಿನಲ್ಲೇ ಕಲಿತುಕೊಂಡಿದ್ದೆ. ಉಳಿದದ್ದು ಯಾವ ಕಾರು ಎನ್ನುವ ಪ್ರಶ್ನೆ.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ತೀರ್ಪು ಕೊಟ್ಟ. “ಅಮ್ಮಾ, ತಗೊಂಡ್ರೆ ಟರ್ಬೋನೇ ತಗೋ. ಹೊಸಾ ಎಂಜಿನ್ನು. ಘಾಟಿಯಲ್ಲಿ ಬೆಣ್ಣೆ ಥರ ಹೋಗತ್ತೆ.” ಆ ಬೆಣ್ಣೆಗೆ ಸಾಧಾರಣ ಎಂಜಿನ್ನಿಗಿಂತ ಒಂದೂವರೆ ಲಕ್ಷ ಹೆಚ್ಚು. ಒಂದೂವರೆ ಲಕ್ಷವೆಂದರೆ ನಮ್ಮ ಮನೆಯಲ್ಲಿ ಹತ್ತು ತಿಂಗಳ ಔಷಧಿ. ಹೊಸದು ಎನ್ನುವ ಒಂದು ಮಾತಿಗೆ ಹತ್ತು ತಿಂಗಳ ಔಷಧಿಯ ದುಡ್ಡು ಕೊಡುವ ಮೊದಲು ಆ ಮಾತಿನ ಒಳಗೇನಿದೆ ಎಂದು ತಿಳಿದುಕೊಳ್ಳಬೇಕೆನಿಸಿತು.

ತಿಳಿದುಕೊಳ್ಳುತ್ತಾ ಹೋದ ಹಾಗೆ ನನಗೆ ನೆನಪಾದದ್ದು ಕಲಾಯಿಯವನು. ನಾವು ಚಿಕ್ಕವರಿದ್ದಾಗ ಬೀದಿಯ ಮೂಲೆಯಲ್ಲಿ ತಿದಿ ಹೂಡಿ, ನವಸಾಗರ ಉಜ್ಜಿ, ತವರ ಸವರಿ, ಹಿತ್ತಾಳೆಯ ಪಾತ್ರೆಗಳನ್ನು ಬೆಳ್ಳಿಯ ಹಾಗೆ ಹೊಳೆಯಿಸಿ ಕೊಡುತ್ತಿದ್ದ. ನೋಡಿದವರಿಗೆ ಹೊಸ ಪಾತ್ರೆಯೇ. ಆದರೆ ಅಜ್ಜಿ ಯಾರ ಹತ್ತಿರವೂ ‘ಹೊಸ ಪಾತ್ರೆ ತಂದೆ’ ಎನ್ನುತ್ತಿರಲಿಲ್ಲ. ‘ಕಲಾಯಿ ಹಾಕಿಸಿದೆ’ ಎನ್ನುತ್ತಿದ್ದಳು. ಕಾರಿನ ಎಂಜಿನ್ನಿನಲ್ಲೂ ಒಂದು ಪಾತ್ರೆ ಇದೆ, ಒಂದು ಕಲಾಯಿ ಇದೆ. ಪಾತ್ರೆ ಎಂದರೆ ಬ್ಲಾಕು. ಸಿಲಿಂಡರುಗಳನ್ನು ಕೊರೆದಿರುವ ಎರಕದ ಗಟ್ಟಿ ಮೈ. ಅದನ್ನು ಎರಕ ಹೊಯ್ಯುವ ಅಚ್ಚು, ಕೊರೆಯುವ ಯಂತ್ರಗಳ ಸಾಲು, ಇವಕ್ಕೆ ಕಂಪನಿ ಸುರಿಯುವ ದುಡ್ಡು ಅಪಾರ. ಹಾಗಾಗಿ ಒಮ್ಮೆ ಮಾಡಿದ ಪಾತ್ರೆಯನ್ನು ಇಪ್ಪತ್ತು ಮೂವತ್ತು ವರ್ಷ ಬಿಡುವುದಿಲ್ಲ. ಅದರ ಮೇಲಿನ ಹೆಡ್ಡು, ವಾಲ್ವು, ಪೆಟ್ರೋಲ್ ಚಿಮ್ಮಿಸುವ ಏರ್ಪಾಡು, ಟರ್ಬೋ, ಇವೆಲ್ಲ ಕಾಲಕಾಲಕ್ಕೆ ಬದಲಾಗುತ್ತವೆ. ಬದಲಾದಾಗಲೆಲ್ಲ ಜಾಹೀರಾತು ಪಾತ್ರೆಯೇ ಹೊಸದು ಎನ್ನುವ ಧಾಟಿಯಲ್ಲಿ ಮಾತಾಡುತ್ತದೆ.

ನಮ್ಮ ಸೋದರಮಾವನದು ಅಂಬಾಸಡರ್ ಟ್ಯಾಕ್ಸಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿಗೆ ಹೊಸ ಹೆಸರಿಟ್ಟು ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿದ್ದು ಅದು. ಸ್ವಲ್ಪ ಸಮಯದಲ್ಲೇ ಅದಕ್ಕೆ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಬಂತು. ಆಮೇಲೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರುಗಳು ಬಂದವು. ಮೂತಿಯ ಜಾಲರಿ ಬದಲಾಯಿತು, ಪೆಟ್ರೋಲ್ ಗಾಡಿಯ ಹೊಟ್ಟೆಯಲ್ಲಿ ಅದೇ 1489. ಮಾವ ನಗುತ್ತಿದ್ದರು: “ಹೆಸರು ಬದಲಾಯಿಸಿದ್ರೆ ಹಸಿವು ಬದಲಾಗತ್ತೇನೇ? ಹೊಟ್ಟೆ ಅದೇ ಅಲ್ವಾ!” 1980ರ ದಶಕದಲ್ಲಿ ಅದೇ ಕಂಪನಿ ಕಾಂಟೆಸಾ ತಂದಾಗ ಊರೇ ನಿಂತು ನೋಡಿತು. ಸಿನಿಮಾದಲ್ಲಿ ಖಳನಾಯಕ ಇಳಿದು ಬರುವಂಥ ಉದ್ದ ಮೂತಿಯ ಕಾರು. ಮೊದಮೊದಲ ಕಾಂಟೆಸಾದ ಬಾನೆಟ್ ಎತ್ತಿದರೆ ಒಳಗೆ ಇದ್ದದ್ದು ಅಂಬಾಸಡರಿನ ಅದೇ ಎಂಜಿನ್! ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ ಬಂದು ಆ ಮೈಗೆ ತಕ್ಕ ಬಲ ಸಿಕ್ಕಿದ್ದು ಆಮೇಲೆ.

ಅವೆಲ್ಲ ಹಳೇ ಕಾಲದ ಕಥೆ ಎನ್ನುತ್ತೀರೇನೋ. ಮೊನ್ನೆಮೊನ್ನೆಯದನ್ನೇ ಕೇಳಿ. ಮಾರುತಿಯ ಡೀಸೆಲ್ ಸ್ವಿಫ್ಟಿನ ಮೇಲೆ ಡಿಡಿಐಎಸ್ ಎಂದು ಬರೆದಿರುತ್ತಿತ್ತು. ಟಾಟಾದವರ ಇಂಡಿಕಾ ವಿಸ್ಟಾದ ಮೇಲೆ ಕ್ವಾಡ್ರಾಜೆಟ್. ಫಿಯೆಟ್ ಪುಂಟೋದ ಮೇಲೆ ಮಲ್ಟಿಜೆಟ್. ಮೂರು ಕಂಪನಿ, ಮೂರು ಹೆಸರು, ಎಂಜಿನ್ ಒಂದೇ! ಇಟಲಿಯ ಫಿಯೆಟ್‌ನವರು 2003ರಲ್ಲಿ ಹೊರತಂದ 1.3 ಲೀಟರಿನ ಡೀಸೆಲ್. ಒಂದೊಂದು ಸಿಲಿಂಡರಿನ ವ್ಯಾಸ 69.6 ಮಿಲಿಮೀಟರ್, ಒಳಗಿನ ಕೊಂತದ ಓಟ 82 ಮಿಲಿಮೀಟರ್. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಕಲಿಸುತ್ತಿದ್ದ ಸೂತ್ರವೇ ಸಾಕು: ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸಿ, ಎತ್ತರದಿಂದ ಗುಣಿಸಿ. ಒಂದು ಸಿಲಿಂಡರಿಗೆ 312 ಸಿ.ಸಿ., ನಾಲ್ಕಕ್ಕೆ 1248. ಮೂರೂ ಕಾರುಗಳ ಆರ್.ಸಿ. ಪುಸ್ತಕದಲ್ಲಿ ಅದೇ ಸಂಖ್ಯೆ. ಗ್ಯಾರೇಜಿನವರು ಅದನ್ನು ತಮಾಷೆಗೆ ‘ರಾಷ್ಟ್ರೀಯ ಎಂಜಿನ್’ ಎಂದು ಕರೆಯುತ್ತಿದ್ದರು. ಬಿಎಸ್ 6 ನಿಯಮ ಬಂದ 2020ರಲ್ಲಿ ಅದರ ಕಾಲ ಮುಗಿಯಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ‘ನಮ್ಮ ಎಂಜಿನ್ ಮೇಲು, ನಿಮ್ಮದಲ್ಲ’ ಎಂಬ ಜಗಳವಾಗಿತ್ತೋ!

ಹಾಗಾದರೆ ಎಲ್ಲವೂ ಬರೀ ಜಾಹೀರಾತೇ? ಅಲ್ಲ. ಕಲಾಯಿ ಬಿಟ್ಟ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಹತ್ತುತ್ತದೆ, ಅದು ನಮಗೆ ಗೊತ್ತು. ಮಾರುತಿ 800ರ 796 ಸಿ.ಸಿ. ಎಂಜಿನ್ 1983ರಲ್ಲಿ ಬಂತು, ಆ ಕಾರು 2014ರಲ್ಲಿ ನಿಂತಿತು. ನಡುವೆ 2000ದ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಅಳತೆಯಲ್ಲಿ ಚಿಮ್ಮಿಸುವ ಎಂಪಿಎಫ್‌ಐ ಬಂತು. ಹೊಗೆಯ ನಿಯಮ ಬಿಗಿಯಾದದ್ದೇ ಅದಕ್ಕೆ ಕಾರಣ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಒದ್ದಾಡಿದವರಿಗೆ ಆ ಕಲಾಯಿಯ ಬೆಲೆ ಗೊತ್ತಿದೆ.

ಇನ್ನು ಪಾತ್ರೆಯೇ ಹೊಸದಾದ ಉದಾಹರಣೆಗಳೂ ಇವೆ. ಆದರೆ ಆಗಲೂ ಕಾರಣ ಬೇರೆಯೇ ಇರುತ್ತದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲಾದರೆ 1200 ಸಿ.ಸಿ. ದಾಟದ ಕಾರುಗಳ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯಿತು. 2010ರಲ್ಲಿ ಸ್ವಿಫ್ಟಿನ 1298 ಸಿ.ಸಿ. ಎಂಜಿನ್ ಹೋಗಿ 1197ರದು ಬಂತು. ನಿಜವಾಗಿಯೂ ಬೇರೆ ಎಂಜಿನ್ನೇ. ಬಲ ಮಾತ್ರ 87 ಪಿಎಸ್ ಇದ್ದದ್ದು 85 ಆಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲೂ ಅದೇ ಗೆರೆ: ಅದರೊಳಗಿದ್ದರೆ ಶೇಕಡಾ 18, ದಾಟಿದರೆ 40. ಬೇರೆ ಬೇರೆ ಕಂಪನಿಗಳ ಎಂಜಿನ್ನುಗಳು 1197, 1199 ಎಂದು ಗೆರೆಯ ಈಚೆ ಬಂದು ನಿಲ್ಲುವ ಗುಟ್ಟು ಇಷ್ಟೇ. 2024ರಲ್ಲಿ ಸ್ವಿಫ್ಟಿಗೆ ಮತ್ತೆ ಹೊಸ ಎಂಜಿನ್. ಸಿ.ಸಿ. ಅದೇ 1197, ಆದರೆ ಹಿಂದಿನದಕ್ಕೆ ನಾಲ್ಕು ಸಿಲಿಂಡರ್, ಇದಕ್ಕೆ ಮೂರೇ. ಬಲ 90ರಿಂದ 82ಕ್ಕೆ ಇಳಿಯಿತು, ಮೈಲೇಜ್ ಏರಿತು. ಹೊಸದು ಎಂದರೆ ಹೆಚ್ಚು ಬಲದ್ದು ಎಂದು ನಾವೇ ಸೇರಿಸಿಕೊಂಡು ಓದುತ್ತೇವೆ. ಅವೆರಡೂ ಒಂದೇ ಅಲ್ಲ.

ಬಲದ ಲೆಕ್ಕದಲ್ಲೂ ಒಂದು ಸಣ್ಣ ಕೈಚಳಕವಿದೆ. 100 ಬಿಎಚ್‌ಪಿಯನ್ನೇ ಪಿಎಸ್‌ನಲ್ಲಿ ಹೇಳಿದರೆ 101.4 ಆಗುತ್ತದೆ. ಅದು ಹೋಗಲಿ ಅನ್ನಿ. ಆ ಬಲ ಸಿಗುವುದು ಎಂಜಿನ್ ನಿಮಿಷಕ್ಕೆ ಸುಮಾರು 6000 ಸುತ್ತು ಕಿರುಚುವಾಗ. ಗಾಂಧಿ ಬಜಾರಿನ ಸಂದಣಿಯಲ್ಲಿ ತರಕಾರಿ ತರುವ ನಮಗೆ ಅದರ ಅರ್ಧವೂ ಬೇಕಾಗುವುದಿಲ್ಲ. ನೋಡಬೇಕಾದದ್ದು ಎಳೆಯುವ ಶಕ್ತಿ, ಅಂದರೆ ಟಾರ್ಕ್, ಎಷ್ಟು ಸುತ್ತಿಗೇ ಸಿಗುತ್ತದೆ ಎಂಬುದನ್ನು. ಮಗನ ಮಾತು ಇಲ್ಲಿ ಸುಳ್ಳಲ್ಲ. ಮಾರುತಿಯ ಫ್ರಾಂಕ್ಸ್ ಕಾರನ್ನೇ ತೆಗೆದುಕೊಳ್ಳಿ. ಸಾಧಾರಣ 1.2 ಎಂಜಿನ್ನಿಗೆ 113 ನ್ಯೂಟನ್ ಮೀಟರ್, ಅದೂ 4400 ಸುತ್ತಿನಲ್ಲಿ. 1 ಲೀಟರಿನ ಟರ್ಬೋಗೆ 147ಕ್ಕೂ ಹೆಚ್ಚು, 2000 ಸುತ್ತಿಗೇ. ಘಾಟಿಯಲ್ಲಿ ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ಆದರೆ 2023ರಲ್ಲಿ ಹೊಸ ಕಾರಿನೊಂದಿಗೆ ಬಂದ ಆ ಟರ್ಬೋ ಹೊಸದಾಗಿರಲಿಲ್ಲ; 2017ರಲ್ಲೇ ಬಲೆನೋ ಆರ್‌ಎಸ್ ಎಂಬ ಕಾರಿನಲ್ಲಿ ಬಂದು, ಹೋಗಿ, ಮರಳಿದ್ದು. ಇದು ಬಲ ಇದ್ದೂ ಹೊಸದಲ್ಲದ್ದು, ಸ್ವಿಫ್ಟಿನದು ಹೊಸದಾಗಿಯೂ ಬಲ ಕಡಿಮೆಯಾದದ್ದು.

ಇಷ್ಟು ಓದಿಕೊಂಡು ಒಂದು ಶೋರೂಮಿಗೆ ಹೋದೆ. “ಈ ಎಂಜಿನ್ ಮೊದಲು ಯಾವ ಗಾಡಿಯಲ್ಲಿತ್ತಪ್ಪಾ? ಸಿಲಿಂಡರ್ ಎಷ್ಟು? ಪೂರ್ತಿ ಟಾರ್ಕ್ ಎಷ್ಟು ಸುತ್ತಿಗೆ ಸಿಗುತ್ತೆ?” ಎಂದು ಕೇಳಿದೆ. ಟೈ ಕಟ್ಟಿದ ಹುಡುಗ ನನ್ನನ್ನು ಬಿಟ್ಟು ಇವರ ಕಡೆ ತಿರುಗಿ, “ಸರ್, ಮೇಡಮ್ಮಿಗೆ ಕಲರ್ ತೋರಿಸ್ಲಾ?” ಎಂದ. ಇವರು ಕೂತಲ್ಲೇ ನಕ್ಕು, “ಬಣ್ಣ ನಾನು ನೋಡ್ತೀನಪ್ಪ. ಲೆಕ್ಕ ಅವರಿಗೆ ಹೇಳು” ಎಂದರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಇಂಥ ಮಾತು ಅವರ ಬಾಯಲ್ಲಿ ಬಂದದ್ದು ಅಪರೂಪ; ಮನಸ್ಸಿಗೆ ಹಿತವಾಯಿತು.

ನಮ್ಮ ಬೀದಿಯ ಗ್ಯಾರೇಜಿನ ಸಾಹೇಬರನ್ನೂ ಕೇಳಿದೆ. “ಅಕ್ಕಾ, ಮನೆ ತುಂಬ ಜನ, ಲಗೇಜು ಹಾಕ್ಕೊಂಡು ವಾರವಾರ ಘಾಟಿ ಹತ್ತೋರಿಗೆ ಟರ್ಬೋ ಬೇಕು. ನೀವಿಬ್ರೇ, ತಿಂಗಳಿಗೊಂದ್ಸಲ. ಎರಡನೇ ಗೇರಿಗೆ ಹಾಕಿ, ಎಂಜಿನ್ ಕೂಗಿದ್ರೆ ಕೂಗ್ಲಿ, ಹೆದರ್ಬೇಡಿ” ಎಂದರು. ಬಾಯಿಮಾತಿಗೆ ನಿಲ್ಲದೆ ಕಾಲರಿಗೆ ಉಜ್ಜಿಯೇ ನೋಡೋಣವೆಂದು, ಅದೇ ಸಾಧಾರಣ ಎಂಜಿನ್ನಿನ ಕಾರಿದ್ದ ಗೆಳತಿಯೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಸೋಮೇಶ್ವರದ ಕಡೆಯಿಂದ ಘಾಟಿ ಹತ್ತಿಸಿದೆ. ಎಂಜಿನ್ ಕೂಗಿತು, ನಿಜ. ಹದಿನಾಲ್ಕೂ ತಿರುವಿನಲ್ಲಿ ಎಲ್ಲೂ ನಿಲ್ಲಲಿಲ್ಲ. ಆ ಎಂಜಿನ್ನನ್ನೇ ಕೊಂಡೆವು. ಯಾವ ಕಾರು ಎಂದು ಹೇಳಿ ಕಂಪನಿಗೆ ಪುಕ್ಕಟೆ ಜಾಹೀರಾತು ಕೊಡಲಾರೆ. ಉಳಿದ ಒಂದೂವರೆ ಲಕ್ಷ ಬ್ಯಾಂಕಿನಲ್ಲಿ ಔಷಧಿಯ ಖಾತೆಗೆ ಹೋಯಿತು. ಮಗ ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ ಲೆಕ್ಕ ಕಳಿಸು ಅಂದ; ಕಳಿಸಿದೆ.

ಈ ಓಡಾಟದಲ್ಲಿ ನನಗೆ ಹಿಡಿಸಿದ ಮಾತು ಕೇಳಿಸಿದ್ದು ಶೋರೂಮಿನಲ್ಲಲ್ಲ, ಆಸ್ಪತ್ರೆಯಲ್ಲಿ. ವರದಿಗಳನ್ನೆಲ್ಲ ನೋಡಿ ಡಾಕ್ಟರು ಇವರಿಗೆ ಹೇಳಿದರು: “ಇದು ಹೊಸದಾಗೋದಿಲ್ಲ. ಇರೋದನ್ನು ಎಷ್ಟು ದಿನ ಚೆನ್ನಾಗಿ ಇಟ್ಕೊಳ್ಳಬಹುದೋ ನೋಡೋಣ.” ಕೇಳಿ ಎದೆ ಭಾರವಾಯಿತು, ಆದರೂ ಆ ಮಾತಿನ ಮೇಲೆ ನಂಬಿಕೆ ಹುಟ್ಟಿತು. ಉಪ್ಪು ಎಷ್ಟು, ನೀರು ಎಷ್ಟು, ಮಾತ್ರೆ ಯಾವಾಗ ಎಂದು ಅಂದಿನಿಂದ ಇಬ್ಬರೂ ಲೆಕ್ಕವಿಟ್ಟು ನಡೆಸುತ್ತಿದ್ದೇವೆ. ಕಾರು ಮಾರುವವರೂ ಒಂದು ದಿನ ಹೀಗೆ ಹೇಳಿದರೆ ಎಷ್ಟು ಚೆನ್ನ: ‘ಪಾತ್ರೆ ಹಳೆಯದು, ಗಟ್ಟಿ ಇದೆ, ಕಲಾಯಿ ಹೊಸದು.’ ಹಾಗೆ ಹೇಳಿದವರ ಹತ್ತಿರ ನಾನಂತೂ ಚೌಕಾಶಿ ಮಾಡದೆ ಕೊಳ್ಳುತ್ತೇನೆ.