ಶಿಮ್ಲಾದಲ್ಲೊಂದು ಸಂಜೆಯೂಟ

ಪರಸ್ಥಳದ ಊಟವೆಂದರೆ ಸಸ್ಯಾಹಾರಿ ಕುಟುಂಬಗಳಿಗೆ ಅಳುಕು ಸಹಜ. ಹಿಮಾಚಲದ ಶಿಮ್ಲಾದಲ್ಲಿ ನಮ್ಮ ಮಾರ್ಗದರ್ಶಕರು ಆ ಅಳುಕನ್ನರಿತು, ನಾವು ಏನನ್ನು ಉಣ್ಣುವುದಿಲ್ಲವೆಂಬುದನ್ನು ಮೊದಲೇ ಕೇಳಿಕೊಂಡು, ಸಂಜೆ ಉಪಾಹಾರಗೃಹಗಳಿಗೆ ಕರೆದೊಯ್ದರು. ಮೊದಲು ಬಂದದ್ದು ಸಿಡ್ಡು. ಹುದುಗಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆಯ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ತುಪ್ಪದೊಡನೆ ಬಡಿಸುವ ತಿನಿಸು. “ಇದು ನಮ್ಮ ಕಡುಬಿನ ತಂಗಿಯೇ ಸರಿ” ಎಂದು ತಾಯಿಯವರು ನಿಶ್ಚಿಂತೆಯಿಂದ ಉಂಡರು.

ಬಳಿಕ ಮಾಲ್ ರಸ್ತೆಯ ಇಂಡಿಯನ್ ಕಾಫಿ ಹೌಸ್. ಕಾಫಿ ಮಂಡಳಿಯು ತನ್ನ ಕಾಫಿಗೃಹಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು 1957ರಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಇಲ್ಲಿ ದುಡಿಯುವವರೇ ಸಂಘದ ಒಡೆಯರು. ಮಕ್ಕಳಿಗೆ ನಾವು ತಿಳಿಸಿದ್ದು ಇಷ್ಟೇ: ಉಣ್ಣುವ ಮುನ್ನ ರುಚಿಯನ್ನಷ್ಟೇ ಅಲ್ಲ, ಬಡಿಸಿದ ಕೈಯನ್ನೂ ನೆನೆಯಬೇಕು.