ಗ್ರಿಲ್ ಮೇಲೆ ಒಂದೇ ಬಾಣಲೆಯಲ್ಲಿ ಕೋಳಿ, ಆಲೂಗಡ್ಡೆ

ಕೋಳಿ, ಆಲೂಗಡ್ಡೆ ಎರಡನ್ನೂ ಒಂದೇ ಬಾಣಲೆಯಲ್ಲಿ ಗ್ರಿಲ್ ಮೇಲೆ ಬೇಯಿಸುವಾಗ ಇರುವ ತೊಡಕು ಒಂದೇ: ಆಲೂಗಡ್ಡೆ ಬೇಯುವುದು ನಿಧಾನ. ಹಾಗಾಗಿ ಹೋಳುಗಳು ಒಂದು ಅಂಗುಲ ಮೀರಬಾರದು. ಮೊದಲೇ ಉಪ್ಪುನೀರಿನಲ್ಲಿ ಅರೆಬೇಯಿಸಿ, ಬಸಿದು, ಆರಲು ಬಿಟ್ಟರೆ ಇನ್ನೂ ಒಳ್ಳೆಯದು. ಕೋಳಿಯಲ್ಲಿ ಚರ್ಮವಿರುವ ತೊಡೆಯೇ ಸರಿ. ಎದೆಭಾಗ ಬೇಗ ಒಣಗುತ್ತದೆ.

ಬಾಣಲೆ ಎರಕದ ಕಬ್ಬಿಣದ್ದಿರಲಿ. ನಾನ್‌ಸ್ಟಿಕ್ ಈ ಬೆಂಕಿಗೆ ಬೇಡವೇ ಬೇಡ. ಕೆಂಡವನ್ನೆಲ್ಲ ಗ್ರಿಲ್‌ನ ಒಂದು ಬದಿಗೆ ಸರಿಸಿ, ಅದರ ನೇರಕ್ಕೆ ಬಾಣಲೆ ಇಟ್ಟು, ಚರ್ಮದ ಬದಿ ಕೆಳಗಾಗಿ ಕೋಳಿಯನ್ನು ಕೆಂಪಗೆ ಹುರಿಯಬೇಕು. ಚರ್ಮದಡಿಯ ಕೊಬ್ಬು ಚಟಪಟ ಎನ್ನುತ್ತ ಕರಗಿ ಬಾಣಲೆ ತುಂಬ ಹರಡುತ್ತದೆ. ಈ ಅಡುಗೆಯ ರುಚಿಯೆಲ್ಲ ಆ ಕೊಬ್ಬಿನಲ್ಲೇ ಇದೆ. ಬೇರೆ ಎಣ್ಣೆ ಬೇಕಾಗುವುದೇ ಅಪರೂಪ. ಕೋಳಿಯನ್ನು ತೆಗೆದಿಟ್ಟು, ಆ ಕೊಬ್ಬಿನಲ್ಲಿ ಆಲೂಗಡ್ಡೆ ಹೊರಳಿಸಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಚರ್ಮ ಮೇಲಾಗಿ ಕೋಳಿಯನ್ನು ಹೋಳುಗಳ ಮೇಲಿಡಬೇಕು. ಬಾಣಲೆಯನ್ನು ಕೆಂಡವಿಲ್ಲದ ಬದಿಗೆ ಸರಿಸಿ ಗ್ರಿಲ್‌ನ ಮುಚ್ಚಳ ಹಾಕಿದರೆ ಸುತ್ತಲ ಬಿಸಿಗಾಳಿ ಓವನ್ನಿನಂತೆ ಬೇಯಿಸುತ್ತದೆ. ಒಳಗೆ 200 ಡಿಗ್ರಿ ಸೆಲ್ಸಿಯಸ್ ಕಾವಿದ್ದರೆ ಸುಮಾರು ಅರ್ಧ ಗಂಟೆ ಸಾಕು. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಆದರೆ ತೊಡೆ ನಿಜಕ್ಕೂ ಮೆತ್ತಗಾಗುವುದು 80 ದಾಟಿದ ಮೇಲೆಯೇ.