ಲಂಗರಿಲ್ಲದೆ ನಿಲ್ಲುವುದು

ರಜೆಗೆ ಊರಿಗೆ ಬಂದಾಗ ಕುಂದಾಪುರದ ನೆಂಟರು ತಪ್ಪದೆ ಕೇಳುವ ಪ್ರಶ್ನೆ: "ಈ ಸಲ ಹಡಗು ಎಲ್ಲೆಲ್ಲಿಗೆ ಹೋಗಿತ್ತು ಮಾರಾಯ?" ಎಲ್ಲಿಗೂ ಇಲ್ಲ ಎಂದರೆ ನಂಬುವುದಿಲ್ಲ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ, ಬಾಂಬೆ ಹೈನಲ್ಲಿ ಒಂದು ಎಣ್ಣೆ ಪ್ಲಾಟ್‌ಫಾರ್ಮಿನ ಪಕ್ಕ ನಿಂತು, ನಿಂತೇ ಇದ್ದು, ವಾಪಸು ಬಂದೆವು ಎಂದು ಬಿಡಿಸಿ ಹೇಳಿದರೆ ಮುಖ ಸಪ್ಪಗಾಗುತ್ತದೆ. ಸಿಂಗಾಪುರವಿಲ್ಲ, ರಾಟರ್‌ಡ್ಯಾಮ್ ಇಲ್ಲ, ಮಕ್ಕಳಿಗೆ ಚಾಕೊಲೇಟೂ ಇಲ್ಲ. ನಿಲ್ಲುವುದೇ ಆದರೆ ಗಂಗೊಳ್ಳಿಯ ದಕ್ಕೆಯಲ್ಲೇ ನಿಲ್ಲಬಹುದಿತ್ತಲ್ಲ ಎಂದು ಅತ್ತೆಯೊಬ್ಬರು ಕೇಳಿಯೂ ಬಿಟ್ಟಿದ್ದಾರೆ.

ಕಡಲಿನ ಕೆಲಸಗಳಲ್ಲೆಲ್ಲ ನನಗೆ ಅತಿ ರುಚಿಯಾಗಿ ಕಂಡದ್ದು ಈ ನಿಲ್ಲುವ ಕೆಲಸವೇ. ಸಾಗುವ ಹಡಗಿಗೆ ವೇಗವೇ ಅರ್ಧ ಬಲ. ಸುಕ್ಕಾನು ತಿರುಗಿಸಿದರೆ ಮಾತು ಕೇಳುತ್ತದೆ. ನಿಂತ ಹಡಗಿಗೆ ಆ ಆಸರೆಯಿಲ್ಲ. ಗಾಳಿ ಒಂದು ಕಡೆಯಿಂದ ತಳ್ಳುತ್ತದೆ, ಅಲೆ ಇನ್ನೊಂದು ಕಡೆಯಿಂದ, ನೀರಿನ ಸೆಳೆತ ಮತ್ತೊಂದು ಕಡೆಯಿಂದ. ಲಂಗರು ಬಿಡೋಣವೆಂದರೆ ಕೆಳಗೆ ಸುಮಾರು 75 ಮೀಟರ್ ಆಳದ ಕೆಸರಿನಲ್ಲಿ ಎಣ್ಣೆ, ಅನಿಲದ ಕೊಳವೆಗಳು ಅಡ್ಡಾದಿಡ್ಡಿ ಮಲಗಿವೆ. ಅದಕ್ಕೇ ಡೈನಾಮಿಕ್ ಪೊಸಿಷನಿಂಗ್. ನಮ್ಮ ಬಾಯಲ್ಲಿ ಬರೀ ಡಿಪಿ. ಮೂತಿಯ ಅಡ್ಡ ಸುರಂಗಗಳಲ್ಲಿ, ಹೊಟ್ಟೆಯಡಿಯಲ್ಲಿ, ಹಿಂಬದಿಯಲ್ಲಿ ಇರುವ ಥ್ರಸ್ಟರುಗಳನ್ನು ಒಂದು ಕಂಪ್ಯೂಟರು ಕ್ಷಣಕ್ಷಣಕ್ಕೂ ತಿರುಗಿಸುತ್ತ, ಏರಿಸುತ್ತ ಇಳಿಸುತ್ತ, ಸಾವಿರಾರು ಟನ್ನಿನ ಹಡಗನ್ನು ಒಂದೆರಡು ಮೀಟರಿನೊಳಗೆ ಹಿಡಿದಿಡುತ್ತದೆ. ಏಳುಬೀಳು, ಹೊಯ್ದಾಟಗಳಿಗೆ ಅದು ಕೈಹಾಕುವುದಿಲ್ಲ. ಹಿಂದೆಮುಂದೆ, ಎಡಬಲ, ಮೂತಿಯ ದಿಕ್ಕು, ಇಷ್ಟೇ ಅದರ ಜವಾಬ್ದಾರಿ. ಅದರ ಮುಂದೆ ಕೂರುವ ನಾವು ಡಿಪಿಒಗಳು.

ಈ ಕಸುಬು ಹುಟ್ಟಿದ ಕಥೆಯನ್ನು ಹೊಸ ಹುಡುಗರಿಗೆ ಹೇಳದೆ ಬಿಡುವವನಲ್ಲ ನಾನು. 1961ರಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ಸಮುದ್ರತಳವನ್ನು ಕೊರೆದು ಭೂಮಿಯ ಚಿಪ್ಪಿನ ಕೆಳಗೇನಿದೆ ಎಂದು ನೋಡುವ ಹುಚ್ಚು ಹಿಡಿದಿತ್ತು. ಪ್ರಾಜೆಕ್ಟ್ ಮೋಹೋಲ್ ಎಂದು ಅದರ ಹೆಸರು. ಮೆಕ್ಸಿಕೊದ ಗ್ವಾಡಲೂಪೆ ದ್ವೀಪದ ಬಳಿ ನೀರಿನ ಆಳ ಸುಮಾರು 3,500 ಮೀಟರ್. ಅಲ್ಲಿ ಲಂಗರಿನ ಮಾತೇ ಇಲ್ಲ. ಕಸ್ 1 ಎಂಬ ಬಾರ್ಜಿಗೆ ತಿರುಗಿಸಬಹುದಾದ ನಾಲ್ಕು ಪ್ರೊಪೆಲ್ಲರುಗಳನ್ನು ಜೋಡಿಸಿದರು. ಸುತ್ತ ಬೋಯೆಗಳನ್ನು ನಿಲ್ಲಿಸಿ, ರಾಡಾರಿನಲ್ಲೂ ಸೋನಾರಿನಲ್ಲೂ ಅವುಗಳ ಮೇಲೆ ಕಣ್ಣಿಟ್ಟು, ಮನುಷ್ಯರೇ ಕೈಯಿಂದ ಬಾರ್ಜನ್ನು ಹಿಡಿದು ನಿಲ್ಲಿಸಿದರು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಆಗ ಬಾರ್ಜಿನ ಮೇಲಿದ್ದು ಲೈಫ್ ಪತ್ರಿಕೆಗೆ ಬರೆದರು. ಅದೇ ವರ್ಷ ಶೆಲ್ ಕಂಪನಿಯ ಯುರೇಕಾ ಹಡಗಿನಲ್ಲಿ ಹೊವರ್ಡ್ ಶಾಟೊ ಎಂಬ ಎಂಜಿನಿಯರು ಆ ಕೈಗಳ ಜಾಗದಲ್ಲಿ ಯಂತ್ರವನ್ನು ಕೂರಿಸಿದರು. ಶಾಟೊ ನಮ್ಮ ಕುಲದ ಮೂಲಪುರುಷ ಎನ್ನುವವರಿದ್ದಾರೆ. ನನ್ನ ಓಟು ಕಸ್ 1ರ ಮೇಲೆ ನಿಂತವರಿಗೆ.

ಯಂತ್ರ ಕೂತ ಮೇಲೆ ನಮಗೆ ಉಳಿದ ಕೆಲಸವೇನು? ಅದನ್ನು ಅನುಮಾನದಿಂದ ನೋಡುವುದು. ಎಪ್ಪತ್ತರ ದಶಕದಲ್ಲಿ ನಾರ್ವೆಯ ಟ್ರಾಂಡ್‌ಹೈಮಿನ ಪ್ರೊಫೆಸರ್ ಯೆನ್ಸ್ ಬಾಲ್ಕೆನ್ ಮತ್ತು ಸಂಗಡಿಗರು ಡಿಪಿಗೆ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನವನ್ನು ತಂದರು. ಕಾಂಗ್ಸ್‌ಬರ್ಗ್ ಕಂಪನಿ 1977ರಲ್ಲಿ ಸೀವೇ ಈಗಲ್ ಹಡಗಿಗೆ ಅದನ್ನು ಅಳವಡಿಸಿತು. ಅಂದಿನಿಂದ ಕಂಪ್ಯೂಟರಿನೊಳಗೆ ಲೆಕ್ಕದ ಹಡಗೊಂದು ಇರುತ್ತದೆ. ಇಷ್ಟು ಗಾಳಿಗೆ ಹೀಗೆ ಜರುಗಬೇಕು, ಇಷ್ಟು ತಳ್ಳಿದರೆ ಹೀಗೆ ನಿಲ್ಲಬೇಕು ಎಂದು ಅದು ಊಹಿಸುತ್ತಲೇ ಹೋಗುತ್ತದೆ. ಊಹೆಗೂ ನಿಜಕ್ಕೂ ಇರುವ ಅಂತರದಿಂದ ತನ್ನನ್ನು ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿ ಹದಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಪ್ಲಾಟ್‌ಫಾರ್ಮಿನ 500 ಮೀಟರ್ ವಲಯಕ್ಕೆ ಬಂದವರು ಸೀದಾ ಪಕ್ಕಕ್ಕೆ ಹೋಗಿ ನಿಲ್ಲುವುದಿಲ್ಲ. ದೂರದಲ್ಲೇ ನಿಂತು, ಚೆಕ್‌ಲಿಸ್ಟು ಮುಗಿಸಿ, ಚಹಾ ಕುಡಿದು, ಹಡಗಿಗೆ ತನ್ನ ಲೆಕ್ಕ ಸರಿಮಾಡಿಕೊಳ್ಳಲು ಬಿಟ್ಟು, ಆಮೇಲೆ ಹತ್ತು ಮೀಟರ್, ಐದು ಮೀಟರ್, ಎರಡು ಮೀಟರ್ ಎಂದು ಜರುಗುತ್ತೇವೆ. ಅವಸರದ ಕ್ಯಾಪ್ಟನ್‌ಗಳಿಗೆ ಈ ಅರ್ಧ ಗಂಟೆ ವ್ಯರ್ಥವೆನಿಸುತ್ತದೆ. ನನಗಂತೂ ಪಾಳಿಯಲ್ಲೆಲ್ಲ ಇದೇ ಅತಿ ಸುಖದ ಹೊತ್ತು.

ಪರದೆಯ ಮೂಲೆಯಲ್ಲಿ ಒಂದು ಬಾಣವಿರುತ್ತದೆ, ಪಕ್ಕದಲ್ಲಿ 'ಕರೆಂಟ್' ಎಂದು ಬರೆದಿರುತ್ತದೆ. ಹೊಸಬರು ಅದನ್ನು ನೀರಿನ ಸೆಳೆತವೆಂದೇ ನಂಬುತ್ತಾರೆ. ಗಾಳಿಗೆ ಸೆನ್ಸರಿದೆ, ದಿಕ್ಕಿಗೆ ಗೈರೋ ಇದೆ. ಸೆಳೆತವನ್ನು ಮಾತ್ರ ಡಿಪಿ ಅಳೆಯುವುದೇ ಇಲ್ಲ. ಗೊತ್ತಿರುವ ಬಲಗಳನ್ನೆಲ್ಲ ಕಳೆದು, ಕಾರಣ ತಿಳಿಯದೆ ಉಳಿದದ್ದನ್ನೆಲ್ಲ ಸೆಳೆತದ ಖಾತೆಗೆ ಬರೆದುಬಿಡುತ್ತದೆ. ಅಲೆಯ ನೂಕು, ಹೇಳಿದಷ್ಟು ತಳ್ಳದೆ ಸುಳ್ಳು ಹೇಳುತ್ತಿರುವ ಥ್ರಸ್ಟರು, ಬೆಂಕಿ ನಂದಿಸುವ ತೋಪಿನಿಂದ ನೀರು ಚಿಮ್ಮಿಸುವಾಗಿನ ಹಿಂದೂಡು, ಎಲ್ಲವೂ ಆ ಬಾಣದೊಳಗೇ. ಆದ್ದರಿಂದ ಬಾಣ ತೀರಾ ಉದ್ದವಾದರೆ ನಾನು ಕುರ್ಚಿಯನ್ನು ಜೊತೆಗಾರನಿಗೆ ಬಿಟ್ಟು ಬ್ರಿಜ್ಜಿನ ರೆಕ್ಕೆಗೆ ಹೋಗಿ ಪ್ಲಾಟ್‌ಫಾರ್ಮಿನ ಕಾಲನ್ನು ನೋಡುತ್ತೇನೆ. ಕಾಲಿನ ಒಂದು ಪಕ್ಕ ನೀರು ಉಬ್ಬಿ ಒಡೆಯುತ್ತದೆ, ಇನ್ನೊಂದು ಪಕ್ಕ ಸುಳಿಗಳ ಸಾಲು ಬಿಚ್ಚಿಕೊಳ್ಳುತ್ತದೆ. ನಿಜವಾದ ಸೆಳೆತ ಯಾವ ಕಡೆ, ಎಷ್ಟು ಜೋರು ಎಂದು ಅಲ್ಲೇ ಗೊತ್ತಾಗುತ್ತದೆ. ಬಾಣ ಉತ್ತರಕ್ಕೆ ತೋರಿಸುತ್ತ ಸುಳಿಗಳು ಪೂರ್ವಕ್ಕೆ ಹೋಗುತ್ತಿದ್ದರೆ ಎಂಜಿನ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಥ್ರಸ್ಟರುಗಳ ಯೋಗಕ್ಷೇಮ ವಿಚಾರಿಸುವುದು ಒಳ್ಳೆಯದು.

ಕಡಲಿನ ಮೇಲೆ ಅಪಾಯ ನಿಭಾಯಿಸುವುದೆಂದರೆ ಫೈಲುಗಳ ರಾಶಿ ಎಂದು ಹೊರಗಿನವರು ತಿಳಿಯುತ್ತಾರೆ. ರಾಶಿ ಇದೆ, ಸುಳ್ಳಲ್ಲ. ಅದರ ತಿರುಳು ಮಾತ್ರ ಒಂದೇ ಪ್ರಶ್ನೆ: ಈಗ ಇದೊಂದು ಕೈಕೊಟ್ಟರೆ? ಅಂತರರಾಷ್ಟ್ರೀಯ ಕಡಲ ಸಂಸ್ಥೆ ಡಿಪಿ ಹಡಗುಗಳನ್ನು ವಿಂಗಡಿಸಿರುವುದೂ ಈ ಪ್ರಶ್ನೆಯ ಮೇಲೆಯೇ. ಒಂದನೇ ದರ್ಜೆಯ ಹಡಗು ಒಂದೇ ದೋಷಕ್ಕೆ ಜಾಗ ಬಿಟ್ಟು ಹೋಗಬಹುದು. ಎರಡನೆಯದು ಯಾವ ಒಂದು ಜನರೇಟರು, ಥ್ರಸ್ಟರು, ಸ್ವಿಚ್‌ಬೋರ್ಡು ಹೋದರೂ ನಿಲ್ಲಬೇಕು. ಮೂರನೆಯದು ಒಂದು ಇಡೀ ಕೋಣೆಗೆ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ನಿಲ್ಲಬೇಕು. ಎರಡನೇ ದರ್ಜೆಯ ನಮ್ಮ ಹಡಗಿನಲ್ಲಿ ವಿದ್ಯುತ್ತನ್ನು ಎರಡು ಪಾಲು ಮಾಡಿ, ನಡುವಿನ ಕೊಂಡಿ ಬಿಚ್ಚಿಟ್ಟಿರುತ್ತೇವೆ. ಒಂದು ಪಾಲು ಸತ್ತರೆ ಇನ್ನೊಂದು ಇಡೀ ಭಾರ ಹೊರಬೇಕು. ಅಂದರೆ ಎರಡೂ ಬದುಕಿರುವಾಗ ಯಾವುದೂ ಅರ್ಧಕ್ಕಿಂತ ಹೆಚ್ಚು ದುಡಿಯುವಂತಿಲ್ಲ. ಡೀಸೆಲ್ ಲೆಕ್ಕ ನೋಡುವವರಿಗೆ ಇದು ಹೊಟ್ಟೆಯುರಿ. ಎರಡು ಎಂಜಿನ್ನು ಓಡುವ ಕಡೆ ನಾಲ್ಕು ಯಾಕೆ ಎಂದು ದಡದಿಂದ ಇಮೇಲು ಬರುತ್ತದೆ. ಆ ಹೆಚ್ಚಿನ ಎರಡು ಎಂಜಿನ್ನುಗಳ ಸದ್ದು ನನ್ನ ನಿದ್ದೆಯ ಜೋಗುಳ ಎಂದು ಉತ್ತರ ಬರೆಯುವ ಆಸೆಯಾಗುತ್ತದೆ, ಬರೆಯುವುದಿಲ್ಲ.

ಇನ್ನೊಂದು ಪ್ರಶ್ನೆ ಮೊದಲಿನದರ ಬೆನ್ನಿಗೇ ಬರುತ್ತದೆ: ಹಿಡಿತ ತಪ್ಪಿದರೆ ಹೋಗುವುದು ಎಲ್ಲಿಗೆ? ಎಲ್ಲವೂ ಕೈಕೊಟ್ಟಾಗ ಗಾಳಿ ನಮ್ಮನ್ನು ಪ್ಲಾಟ್‌ಫಾರ್ಮಿನಿಂದ ಆಚೆಗೆ ಒಯ್ಯುವ ಪಕ್ಕದಲ್ಲಿ ನಿಲ್ಲಬೇಕು; ಅದರ ಮೈಮೇಲೆ ಒಯ್ಯುವ ಪಕ್ಕದಲ್ಲಿ ಅಲ್ಲ. ಬಾಂಬೆ ಹೈನಲ್ಲಿ ದುಡಿದ ಯಾರಿಗೂ ಇದನ್ನು ಪಾಠ ಮಾಡಬೇಕಿಲ್ಲ. ಮುಂಬೈಯನ್ನು ಮುಳುಗಿಸಿದ ಆ ಮಳೆಯ ಮರುದಿನ, 2005ರ ಜುಲೈ 27ರಂದು, ಸಮುದ್ರ ಸುರಕ್ಷಾ ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳಿಗೆ ಕತ್ತಿ ತಗುಲಿತು. ಹವೆ ಕೆಟ್ಟು ಹೆಲಿಕಾಪ್ಟರ್ ಬರುವಂತಿರಲಿಲ್ಲ. ಗಾಯಾಳುವನ್ನು ಪ್ಲಾಟ್‌ಫಾರ್ಮಿಗೆ ದಾಟಿಸಲೆಂದು ಹಡಗು ಗಾಳಿ ಬೀಸುವ ಪಕ್ಕಕ್ಕೆ ಬಂತು. ಥ್ರಸ್ಟರುಗಳಲ್ಲಿ ತೊಂದರೆಯಿದ್ದದ್ದರಿಂದ ಕೈಯಿಂದಲೇ ನಡೆಸುತ್ತಿದ್ದರು. ಕ್ರೇನಿನ ಬುಟ್ಟಿಯಲ್ಲಿ ಅವರನ್ನು ಮೇಲಕ್ಕೆತ್ತಿದ್ದೂ ಆಗಿತ್ತು. ಆಮೇಲೆ ಅಲೆಯೊಂದಿಗೆ ಎದ್ದ ಹಡಗಿನ ಹೆಲಿಡೆಕ್ಕು ಅನಿಲ ಹೊತ್ತ ರೈಸರ್ ಕೊಳವೆಗೆ ತಾಗಿತು. ಸುಮಾರು ಎರಡು ತಾಸಿನಲ್ಲಿ ಪ್ಲಾಟ್‌ಫಾರ್ಮ್ ಕುಸಿದು ಕಡಲು ಸೇರಿತು. 22 ಜನ ಹೋದರು. ಬೆಂಕಿ ಹೊತ್ತಿದ ಹಡಗೂ ಕೆಲವು ದಿನಗಳಲ್ಲಿ ಮುಳುಗಿತು. ಒಂದು ಬೆರಳಿನ ಗಾಯ, ಗಾಳಿಯ ಪಕ್ಕ, ಸೊರಗಿದ ಥ್ರಸ್ಟರು: ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಷ್ಟು ಭಯಂಕರವಲ್ಲ. ಆ ರೈಸರಿಗೆ ಆಸುಪಾಸಿನ ಹಡಗುಗಳಿಂದ ಗಟ್ಟಿಯಾದ ರಕ್ಷಣೆಯೂ ಇರಲಿಲ್ಲ. ಇವತ್ತಿಗೂ ಯಾರಾದರೂ "ಐದೇ ನಿಮಿಷದ ಕೆಲಸ" ಎಂದು ಗಾಳಿಯ ಪಕ್ಕಕ್ಕೆ ಕರೆದರೆ ನನ್ನ ಹುಬ್ಬು ಮೇಲೇರುತ್ತದೆ.

ಹಡಗು ತಾನಿರುವ ಜಾಗವನ್ನು ತಿಳಿಯುವ ಬಗೆಯಲ್ಲಿ ಸ್ವಲ್ಪ ತಮಾಷೆಯೂ ಇದೆ. ಪ್ಲಾಟ್‌ಫಾರ್ಮಿನ ಕಂಬಿಗೆ ಮಿನುಗುವ ಪಟ್ಟಿ ಕಟ್ಟಿ ಅದಕ್ಕೆ ಲೇಸರ್ ಹಾಯಿಸುವುದು ಒಂದು ಬಗೆ. ಪ್ಲಾಟ್‌ಫಾರ್ಮಿನ ಕೆಲಸಗಾರರ ಅಂಗಿಯಲ್ಲೂ ಅದೇ ಮಿನುಗು ಪಟ್ಟಿ ಇರುತ್ತದಲ್ಲ. ಒಬ್ಬ ಪುಣ್ಯಾತ್ಮ ಕಂಬಿಯ ಪಕ್ಕ ಹಾದುಹೋದರೆ ಲೇಸರು ಅವನ ಹಿಂದೆಯೇ ಹೊರಡುತ್ತದೆ. ಅವನು ಊಟಕ್ಕೆ ಹೋದರೆ ಹಡಗೂ ಊಟಕ್ಕೆ ಹೊರಡಬೇಕೆಂದು ಅದರ ಅಭಿಪ್ರಾಯ. ಸಮುದ್ರತಳಕ್ಕೆ ಭಾರ ಇಳಿಬಿಟ್ಟು ತಂತಿಯ ವಾಲು ಅಳೆಯುವ ಟಾಟ್ ವೈರ್ ಹಳೆಯ ಕಾಲದ್ದು, ನನ್ನ ಅಚ್ಚುಮೆಚ್ಚಿನದು. ತಳದ ಟ್ರಾನ್ಸ್‌ಪಾಂಡರಿನ ಜೊತೆ ಸದ್ದಿನಲ್ಲಿ ಮಾತಾಡುವ ಅಕೌಸ್ಟಿಕ್ ಇನ್ನೊಂದು. ಎಲ್ಲಕ್ಕಿಂತ ಮೇಲೆ, ಉಪಗ್ರಹಗಳಿಂದ ಜಾಗ ತಿಳಿಯುವ ಡಿಜಿಪಿಎಸ್. ಇವುಗಳಲ್ಲಿ ಮೂರಾದರೂ ಇದ್ದು, ಅವೂ ಒಂದೇ ತತ್ತ್ವದವು ಆಗಿರಬಾರದು ಎನ್ನುವುದು ನಿಯಮ.

ಅದರ ಕಾರಣ ನಮ್ಮ ಅಕ್ಷಾಂಶದಲ್ಲಿ ಸಂಜೆಯ ಹೊತ್ತು ಚೆನ್ನಾಗಿ ಕಾಣುತ್ತದೆ. ಭೂಕಾಂತದ ಸಮಭಾಜಕ ತಿರುವನಂತಪುರದ ಬಳಿ ಹಾದುಹೋಗುತ್ತದೆ. 1963ರಲ್ಲಿ ಹಾರಿದ ನಮ್ಮ ಮೊದಲ ರಾಕೆಟ್ಟಿಗೆ ತುಂಬಾ ಗ್ರಾಮವನ್ನು ಆರಿಸಿದ್ದೂ ಅದಕ್ಕೇ. ಅದರ ಎರಡೂ ಮಗ್ಗುಲಿನ ಪಟ್ಟಿಯಲ್ಲಿ, ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಹೊತ್ತು ಮುಳುಗಿದ ಮೇಲೆ ಮೇಲಿನ ಅಯಾನುಗೋಳ ಕಲಕಿಹೋಗಿ ಉಪಗ್ರಹಗಳ ಸಂಕೇತ ನಡುಗತೊಡಗುತ್ತದೆ. ಎರಡು ಡಿಜಿಪಿಎಸ್ ಇದ್ದರೆ ಎರಡೂ ಒಟ್ಟಿಗೇ ನಡುಗುತ್ತವೆ, ಒಟ್ಟಿಗೇ ಒಂದೇ ಕಡೆ ಜಾರುತ್ತವೆ. ಮೂರನೆಯ ಅಕೌಸ್ಟಿಕ್ ಕದಲದೆ ನಿಂತಿರುತ್ತದೆ. ಕಂಪ್ಯೂಟರು ಬಹುಮತಕ್ಕೆ ಬೆಲೆ ಕೊಡುವ ಪ್ರಾಣಿ. ಊರ ಪಂಚಾಯಿತಿಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರು ಸೇರಿ ಹೊರಗಿನ ಸತ್ಯವಂತನನ್ನು ಸುಳ್ಳನೆಂದು ಕೂರಿಸಿದ ಹಾಗೆ, ಸರಿಯಿರುವುದನ್ನು ಹೊರಗಿಟ್ಟು ತಪ್ಪಿನ ಬೆನ್ನು ಹತ್ತುತ್ತದೆ. ಆ ಹೊತ್ತಿನಲ್ಲಿ ಡಿಪಿಒ ಮಾಡಬೇಕಾದ್ದು ಚಿಕ್ಕದು: ಟ್ರ್ಯಾಕ್‌ಬಾಲ್ ಸರಿಸಿ ಎರಡು ಜಿಪಿಎಸ್‌ಗಳಲ್ಲಿ ಒಂದನ್ನು ಮತದಾನದಿಂದ ತೆಗೆದು, ಟಾಟ್ ವೈರನ್ನು ಒಳಗೆ ಸೇರಿಸುವುದು. ಇಂಥ ಬಟನ್ನುಗಳನ್ನು ಎರಡು ಸಲ ಒತ್ತಬೇಕು. ಮೊದಲ ಸಲಕ್ಕೆ ದೀಪ ಮಿಣುಕುತ್ತದೆ, ಎರಡನೆಯದಕ್ಕೆ ಕೆಲಸ ನಡೆಯುತ್ತದೆ. ಆ ಎರಡು ಒತ್ತುಗಳ ನಡುವಿನ ಕ್ಷಣ ನನಗೆ ತುಂಬ ಇಷ್ಟ. ಬುದ್ಧಿವಂತಿಕೆ ಇರುವುದು ಮಾತ್ರ ಸಂಜೆಯಾಗುವ ಮೊದಲೇ ಟಾಟ್ ವೈರ್ ಇಳಿಸಿಟ್ಟಿರುವುದರಲ್ಲಿ.

ಕೆಳಗೆ ಡೈವರುಗಳಿದ್ದಾಗ ಇದೆಲ್ಲದರ ತೂಕ ಬೇರೆ. ಉಸಿರಾಡುವ ಅನಿಲ, ಬಿಸಿನೀರು, ಬೆಳಕು, ಮಾತು, ಎಲ್ಲವೂ ಒಂದು ಹೊಕ್ಕುಳಬಳ್ಳಿಯಲ್ಲಿ ಹೋಗುತ್ತವೆ. ಅದರ ಉದ್ದವನ್ನು ಹತ್ತಿರದ ಥ್ರಸ್ಟರಿಗೆ ಎಟುಕದಂತೆ, ಐದು ಮೀಟರಾದರೂ ಕಡಿಮೆಯಿರುವಂತೆ ಕಟ್ಟಿರುತ್ತಾರೆ. 2012ರ ಸೆಪ್ಟೆಂಬರಿನಲ್ಲಿ ಉತ್ತರ ಸಮುದ್ರದಲ್ಲಿ ಬಿಬ್ಬಿ ಟೋಪಾಜ್ ಹಡಗಿನ ಡಿಪಿ ಕೈಕೊಟ್ಟು, ಅದು ಬಿರುಗಾಳಿಗೆ ತೇಲಿಹೋಯಿತು. ಸುಮಾರು 90 ಮೀಟರ್ ಆಳದಲ್ಲಿದ್ದ ಕ್ರಿಸ್ ಲೆಮನ್ಸ್ ಅವರ ಬಳ್ಳಿ ತಳದ ಚೌಕಟ್ಟಿಗೆ ಸಿಕ್ಕಿ ತುಂಡಾಯಿತು. ಬೆನ್ನಿನ ಮೇಲಿದ್ದ ಅನಿಲ ಕೆಲವೇ ನಿಮಿಷಗಳದ್ದು. ಹಡಗು ಹಿಂತಿರುಗಿ ಅವರನ್ನು ಎತ್ತಿಕೊಳ್ಳುವಾಗ ಅರ್ಧ ಗಂಟೆ ದಾಟಿತ್ತು. ಅವರು ಬದುಕಿದರು. ಅದರ ಮೇಲೆ ಬಂದ ಲಾಸ್ಟ್ ಬ್ರೆತ್ ಸಾಕ್ಷ್ಯಚಿತ್ರವನ್ನು ನಮ್ಮ ಮೆಸ್ಸಿನಲ್ಲಿ ಹಾಕಿದಾಗ ಎಲ್ಲರೂ ಡೈವರನನ್ನು ನೋಡುತ್ತಿದ್ದರೆ, ಡಿಪಿಒಗಳು ಮಾತ್ರ ಬ್ರಿಜ್ಜಿನ ದೃಶ್ಯಗಳನ್ನೇ ಕಣ್ಣು ಕಿರಿದಾಗಿಸಿ ನೋಡುತ್ತಿದ್ದರು.

ಮೇ ತಿಂಗಳ ಕೊನೆಯಲ್ಲಿ, ಮಳೆಗಾಲದ ಮೊದಲ ಉಬ್ಬಲೆಗಳು ನೈಋತ್ಯದಿಂದ ಬರತೊಡಗಿದಾಗ, ಪ್ರತಿವರ್ಷವೂ ಬ್ರಿಜ್ಜಿನಲ್ಲಿ ಒಂದೇ ವಾದ. ಕೆಲಸ ಕೊಟ್ಟವರ ಪ್ರತಿನಿಧಿಗೆ ಇನ್ನೊಂದು ವಾಲ್ವ್ ಮುಗಿಸುವ ಹಟ. ಕಳೆದ ಸಲ ಬಂದವರು ಪರದೆಯ ಮೇಲಿನ ಹಡಗಿನ ಚಿತ್ರಕ್ಕೆ ಬೆರಳಿಟ್ಟು, "ಒಂದು ಮೀಟರೂ ಕದಲಿಲ್ಲ, ಹಳದಿ ಯಾಕೆ ಹಾಕುತ್ತೀರಿ?" ಎಂದರು. ಕದಲಿಲ್ಲವೆನ್ನುವುದು ನಿಜವೇ. ಆದರೆ ಪಕ್ಕದ ಸಾಲಿನಲ್ಲಿ ಥ್ರಸ್ಟರುಗಳ ಕಂಬಗಳು ಅರ್ಧ ದಾಟಿದ್ದವು. ಈಗ ಒಂದು ಸ್ವಿಚ್‌ಬೋರ್ಡ್ ಹೋದರೆ ನಿಲ್ಲಲಾರೆ ಎಂದು ಕಂಪ್ಯೂಟರು ತಾನಾಗಿ ಎಚ್ಚರಿಕೆ ಕೊಟ್ಟಿತ್ತು. ಕೆಲಸ ಶುರುವಾಗುವ ಮುಂಚೆ ಎಲ್ಲರೂ ಕೂತು ಬರೆದ ಹಸಿರು, ನೀಲಿ, ಹಳದಿ, ಕೆಂಪು ಕಾಲಮ್ಮುಗಳ ಹಾಳೆ ಮೇಜಿನ ಗಾಜಿನಡಿಯಲ್ಲೇ ಇತ್ತು. ಹಳದಿಯ ಕಾಲಮ್ಮಿನಲ್ಲಿ ಇದೇ ಎಚ್ಚರಿಕೆ, ಬಂದರೆ ಕೆಲಸ ನಿಲ್ಲಿಸಿ ಡೈವರುಗಳನ್ನು ಬೆಲ್ಲಿಗೆ ಕರೆಸಿಕೊಳ್ಳಬೇಕೆಂಬ ಮಾತು, ಅದರ ಕೆಳಗೆ ಅವರದೇ ಸಹಿ. ನಾನು ಏನೂ ಹೇಳದೆ ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರು ಓದಿದರು, ಇನ್ನೊಮ್ಮೆ ಓದಿದರು, ಮುಂಬೈ ಕಚೇರಿಗೆ ಫೋನ್ ಮಾಡುತ್ತೇನೆಂದು ಹೊರಗೆ ಹೋದರು. ಅವರ ಮಾತು ಮುಗಿಯುವಷ್ಟರಲ್ಲಿ ಕೆಳಗಿದ್ದ ಇಬ್ಬರು ಡೈವರುಗಳೂ ಡೈವಿಂಗ್ ಬೆಲ್ಲಿನೊಳಗೆ ಬಂದಿದ್ದರು.